ಕೊಂಬಿಗೆ ಸವರುವ ಎಣ್ಣೆ

ಬ್ರೇಕಿಗೆ ಎಣ್ಣೆ ಸವರಿದವನು ನಾನು, ಖಾಜಾ. ಗಾಡಿ ಓಡಿಸುವಾಗ ನಿನಗೆ ಅವತ್ತು ನಿದ್ದೆ ಹತ್ತಿರಲಿಲ್ಲ. ಈ ಎರಡು ಮಾತು ಹೇಳಲು ಇಷ್ಟು ವರ್ಷ ಬೇಕಾಯಿತು — ಆಗ ತೊಟ್ಟಿಲಲ್ಲಿದ್ದ ನಿನ್ನ ಮಗಳು ಈಗ ಸೈಕಲ್ ಹೊಡೆಯುತ್ತಾಳೆ. ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ. ಗಲ್ಲಾದ ಮುಂದೆ ಕೂರುತ್ತೇನೆ, ಏಳುತ್ತೇನೆ, ಹೊರಗೆ ಬಂದು ನೀನು ಚೀಲ ಹೊರುವುದನ್ನು ನೋಡುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. ಮೊದಲು ಬರೆದುಬಿಡುತ್ತೇನೆ. ಬಾಯಿ ಬಿಟ್ಟರೆ ನಡುವೆ ಒಂದಿಷ್ಟು ಸುಳ್ಳು ಬೆರೆಸುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಆ ವರ್ಷ ಅಪ್ಪ ಎತ್ತು ಮಾರಿದ್ದ. ನಮ್ಮ ಬೀಜ-ಗೊಬ್ಬರದ ಅಂಗಡಿಗೆಂದು ನಾನು ಸಣ್ಣ ಟ್ರಕ್ಕು ತಂದಿದ್ದೆ, ಓಡಿಸಲು ನಿನ್ನನ್ನೇ ಕರೆದಿದ್ದೆ. ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರಲ್ಲವೇ ನಾವು. ಕಾರ ಹುಣ್ಣಿಮೆ ಬಂತು. ಸುರಪುರದ ಓಣಿ ಓಣಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಏರುತ್ತಿತ್ತು, ನಮ್ಮ ಅಂಗಳದಲ್ಲಿ ಕೊಂಬೇ ಇಲ್ಲ. ಅವ್ವ ಮುಖ ಗಂಟು ಹಾಕಿಕೊಂಡಿದ್ದಳು.

"ಎತ್ತ ಇಲ್ಲಂದ್ರ ಹಬ್ಬಾನೂ ಬಿಡಬೇಕೇನು? ಈಗ ದುಡಿಯೋದು ಆ ಗಾಡಿ ಅಲ್ಲೇನು, ಅದಕ್ಕ ಹಚ್ಚು," ಅಂದಳು.

ನನಗೂ ಅಷ್ಟೇ ಬೇಕಿತ್ತು. ಶಹಾಪುರದಲ್ಲಿ ಯಾರದೋ ಕಾರಿನ ಗಾಲಿಯೊಳಗೆ ಕೆಂಪು ಕ್ಯಾಲಿಪರ್ ಮಿಂಚುವುದನ್ನು ನೋಡಿ ಬಂದು ಆಸೆ ಹುಟ್ಟಿತ್ತು. ಜಾಕಿ ಕೊಟ್ಟು ಮುಂದಿನ ಗಾಲಿ ಎರಡೂ ಬಿಚ್ಚಿದೆ. ಒಳಗಿನ ಉಕ್ಕಿನ ತಟ್ಟೆಯನ್ನು ದವಡೆಯ ಹಾಗೆ ಕಚ್ಚಿ ಹಿಡಿದು ಗಾಡಿ ನಿಲ್ಲಿಸುವುದು ಆ ಕ್ಯಾಲಿಪರ್ — ಇದು ನಿನಗೆ ನಾನು ಹೇಳಬೇಕೇ. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದೆ, ತಟ್ಟೆಗೆ ಕಾಗದ ಸುತ್ತಿ ಟೇಪು ಹಚ್ಚಿದೆ, ಎರಡು ಸಲ ಕೆಂಪು ಬಣ್ಣ ಹೊಡೆದೆ, ಒಣಗಿದ ಮೇಲೆ ಕಾಗದ ತೆಗೆದೆ. ಚಂದ ಬಂದಿತ್ತು. ಅಲ್ಲಿಗೆ ಬಿಟ್ಟಿದ್ದರೆ —

ಬಿಡಲಿಲ್ಲ. ಕೊಂಬಿನ ಬಣ್ಣ ಆರಿದ ಮೇಲೆ ಹೊಳಪಿಗೆಂದು ಅಪ್ಪ ಪ್ರತಿ ವರ್ಷ ಎಣ್ಣೆ ಸವರುತ್ತಿದ್ದ. ನನ್ನ ಕೈಗೂ ಅದೇ ರೂಢಿ. ಶೇಂಗಾ ಎಣ್ಣೆಯಲ್ಲಿ ಅರಿವೆ ಅದ್ದಿ ಕ್ಯಾಲಿಪರ್‌ಗೆ ಬಳಿದೆ. ಎಣ್ಣೆ ಇಳಿದು ತಟ್ಟೆಯ ಮೇಲೆ ಹರಿಯಿತು. ನೋಡಿದೆ ಖಾಜಾ, ಕಣ್ಣಾರೆ ನೋಡಿದೆ. ಅದೇ ಅರಿವೆಯಿಂದ ಒರೆಸಿ ಗಾಲಿ ಏರಿಸಿದೆ. ಅವ್ವ ಆರತಿ ಎತ್ತಿದಳು. ಸಂಜೆ ನೀನು ಬಗ್ಗಿ ನೋಡಿ, "ಏ ಶರಣಣ್ಣ, ಗಾಡಿ ಅಲ್ಲೋ ಇದು, ಮದಿಮಗ ಆಗ್ಯಾನ!" ಎಂದು ನಕ್ಕಿದ್ದೆ.

ಮರುದಿನ ಬೆಳಿಗ್ಗೆ ಕೆಂಭಾವಿಗೆ ಗೊಬ್ಬರದ ಚೀಲ ಹೇರಿಕೊಂಡು ಹೊರಟೆ ನೀನು. ನಮ್ಮ ಓಣಿ ಬಜಾರಿಗೆ ಇಳಿಜಾರು. ಗಾಡಿ ನಿಲ್ಲಲಿಲ್ಲ. ಮಲ್ಲಮ್ಮನ ನೇರಳೆ ಹಣ್ಣಿನ ತಳ್ಳುಗಾಡಿಗೆ ಬಡಿಯಿತು, ಅವಳ ಮೊಣಕೈ ಮುರಿಯಿತು. ನಾನು ಓಡಿ ಬರುವಷ್ಟರಲ್ಲಿ ನೀನು ಕೆಳಗಿಳಿದು ನಿಂತಿದ್ದೆ.

"ಒತ್ತೀನಿ ಶರಣಣ್ಣ, ಪೂರಾ ಒತ್ತೀನಿ! ಹಿಡೀಲೇ ಇಲ್ಲ. ಅಲ್ಲಾನ ಆಣಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಕೂಸಿಗೆ ಜ್ವರ ಬಂದು ನೀನು ರಾತ್ರಿಯೆಲ್ಲ ಎಚ್ಚರವಿದ್ದದ್ದು ಓಣಿಗೇ ಗೊತ್ತಿತ್ತು. ನನಗೆ ಎಣ್ಣೆ ನೆನಪಾಯಿತು — ಆಮೇಲೆ ಅಲ್ಲ, ಆ ಕ್ಷಣದಲ್ಲೇ.

"ಬ್ರೇಕ್ ಚಲೋ ಇತ್ತು," ಅಂದೆ. "ನಿನ್ನಿ ನಾನ ಕೈಯಾರ ನೋಡೀನಿ."

ಆಮೇಲೆ ಗಾಡಿಯನ್ನು ಮನೆಗೆ ಎಳೆಸಿ, ಗ್ಯಾರೇಜಿನ ಮೇಸ್ತ್ರಿ ಬರುವ ಮೊದಲು ತಟ್ಟೆಯನ್ನು ಪೆಟ್ರೋಲಿನಿಂದ ತೊಳೆದೆ, ಬ್ರೇಕ್ ಪ್ಯಾಡಿಗೆ ಉಪ್ಪುಕಾಗದ ತಿಕ್ಕಿದೆ. ಅವನು ನೋಡಿ, "ಎಲ್ಲಾ ಬರೋಬರ್ ಅದರಿ, ಡ್ರೈವರ್‌ಗ ಜೊಂಪು ಹತ್ತಿರಬೇಕು," ಅಂದ. ಊರು ಅದನ್ನೇ ನಂಬಿತು.

ನೀನು ಕೆಲವು ದಿನ ಜಗಳಾಡಿದೆ. ಆಮೇಲೆ ಒಂದು ದಿನ ಚಹಾ ಕುಡಿಯುತ್ತ, "ಇರಬಹುದೇನೋ ಶರಣಣ್ಣ. ಕಣ್ಣು ಮುಚ್ಚಿರಬಹುದು. ಪಾಪ, ಮಲ್ಲಮ್ಮನ ಕೈ ಮುರದೀನಿ ನಾ," ಅಂದೆ. ನಾನು ಚಹಾ ಕುಡಿದು ಮುಗಿಸಿದೆ. ಕುಡಿದು ಮುಗಿಸಿದೆ, ಕೇಳಿಸಿತೇ?

ನೀನು ಸ್ಟೇರಿಂಗ್ ಮುಟ್ಟುವುದನ್ನೇ ಬಿಟ್ಟೆ. ನನ್ನ ಅಂಗಡಿಯಲ್ಲೇ ನಾನು ನಿನಗೆ ಹಮಾಲಿ ಕೆಲಸ ಕೊಟ್ಟೆ, ಊರವರು ನನ್ನನ್ನು ದೊಡ್ಡ ಮನಸ್ಸಿನವನು ಅಂದರು. ಥೂ! ಮಲ್ಲಮ್ಮನ ಮೊಣಕೈ ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ. ದಿನಾ ಬೆಳಿಗ್ಗೆ ಅವಳ ಗಾಡಿಯನ್ನು ಬಜಾರಿಗೆ ತಳ್ಳಿ ನಿಲ್ಲಿಸಿ ಬರುವವನು ನೀನು. ಹೋದ ವರ್ಷ ತಿಂಥಣಿಗೆ ಬಸ್ಸಿನಲ್ಲಿ ಹೋದೆವಲ್ಲ, ತಿರುವು ಬಂದಾಗಲೆಲ್ಲ ನಿನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮೊನ್ನೆ ಜುಬೇದಾ ಅಂಗಡಿಗೆ ಬಂದಿದ್ದಳು. ಶಾಲೆಯ ವ್ಯಾನು ಓಡಿಸಲು ನಿನ್ನನ್ನು ಕರೆದಿದ್ದಾರಂತೆ. 'ನನ್ನ ಕಾಲಿನ ಮೇಲೆ ನನಗೇ ಭರೋಸೆ ಇಲ್ಲ, ಅದರಲ್ಲಿ ಕೂಸುಗಳಿರುತ್ತವೆ' ಎಂದು ನೀನು ಒಲ್ಲೆ ಅಂದೆಯಂತೆ.

"ಮನುಷಾ ಅಂದ ಮ್ಯಾಲ ನಿದ್ದಿ ಬರ್ತದ ಅಂತ ನೀವರೆ ಹೇಳ್ರಿ ಅಣ್ಣಾರ. ನಿಮ್ಮ ಮಾತು ತೆಗೆದು ಹಾಕಂಗಿಲ್ಲ ಅವರು," ಅಂದಳು ನಿನ್ನ ಹೆಂಡತಿ.

"ಹೇಳ್ತೀನವ್ವ," ಅಂದೆ. ನಿನ್ನ ತಪ್ಪನ್ನು ನಾನು ಮನ್ನಿಸಬೇಕಂತೆ! ಅವತ್ತಿನಿಂದ ಮೈಯೊಳಗೆ ಇರುವೆ ಬಿಟ್ಟ ಹಾಗಾಗಿದೆ.

ಎಣ್ಣೆ ಸವರಿದ್ದು ತಿಳಿಯದೆ. ಉಳಿದದ್ದೆಲ್ಲ ತಿಳಿದೇ. ನಾನು ಕೆಡಿಸಿದ್ದು ಗಾಡಿಯನ್ನಷ್ಟೇ ಅಲ್ಲ, ನಿನ್ನ ಕಾಲಿನ ಮೇಲಿನ ನಿನ್ನ ನಂಬಿಕೆಯನ್ನು. ಮನ್ನಿಸು ಎಂದು ಕೇಳಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ.

ನಾಳೆ ಬೆಳಿಗ್ಗೆ ನೀನು ಮಲ್ಲಮ್ಮನ ಬಾಗಿಲಿಗೆ ಬರುವ ಮೊದಲೇ ನಾನು ಅಲ್ಲಿರುತ್ತೇನೆ. ಅವಳಿಗೂ ಹೇಳುತ್ತೇನೆ, ಬಜಾರಿನ ಚಹಾದಂಗಡಿಯ ಮಂದಿಗೂ ಹೇಳುತ್ತೇನೆ. ನಿನ್ನ ಕಾಲು ಬ್ರೇಕಿನ ಮೇಲೇ ಇತ್ತು ಎಂದು ಕೂಗಿ ಹೇಳುತ್ತೇನೆ. ಹೊಡೆಯಬೇಕೆನಿಸಿದರೆ ಹೊಡೆ. ಆಮೇಲೆ ನೀನು ರೂಢಿಯ ಹಾಗೆ ತಳ್ಳುಗಾಡಿಗೆ ಕೈ ಹಾಕುತ್ತೀ, ನಿನ್ನ ಗುಣ ನನಗೆ ಗೊತ್ತು. ಆಗ ಹೇಳುವ ಮಾತನ್ನೂ ಈಗಲೇ ಬರೆದಿಡುತ್ತೇನೆ: ಕೈ ತೆಗಿ ಖಾಜಾ, ಇದು ನಾ ತಳ್ಳಬೇಕಾದ ಗಾಡಿ.