ಅಂಬುಜಾ ಆಂಟಿಯ ಪಂಕ್ತಿ

ಒಂದಾನೊಂದು ಕಾಲದಲ್ಲಿ, ಏಳು ಬಾವಿಗಳ ಊರಿನಲ್ಲಿ, ತಂತಮ್ಮ ಬಾವಿಯ ನೀರನ್ನಷ್ಟೇ ಕುಡಿಯುವ ಜನರಿದ್ದರಂತೆ. ಒಬ್ಬ ಹೆಂಗಸು ಕೊಡ ಹೊತ್ತು ಬಂದು ಎಲ್ಲರ ನೀರನ್ನೂ ಒಂದೇ ಹಂಡೆಗೆ ಸುರಿದಳಂತೆ. ಅಜ್ಜಿಯ ಕಥೆಯ ಆ ಹೆಂಗಸು ನನಗೆ ಅಮೆರಿಕದ ಡೆಸ್ ಪ್ಲೇನ್ಸ್‌ನಲ್ಲಿ ಸಿಕ್ಕಿದ್ದಾರೆ.

ಯುಗಾದಿಯ ಬೆಳಗಿನ ಆರು ಗಂಟೆ. ಕಿಟಕಿಯಾಚೆ ಹಿಮ ಬಾಚುವ ಗಾಡಿಯ ಸದ್ದು. ಬಾಡಿಗೆಯ ಸಭಾಕೊಠಡಿಯಲ್ಲಿ ಚೇತನಾ ಮೇಜುಗಳನ್ನು ಎದುರುಬದುರು ಎಳೆದು, ಪ್ರೊಜೆಕ್ಟರಿನ ತಂತಿ ಕಿತ್ತು ಚೀಲಕ್ಕೆ ಹಾಕುತ್ತಾರೆ. "ಇದಿದ್ರ ಎಲ್ಲಾರೂ ಗ್ವಾಡಿ ನೋಡ್ತಾರ್ರಿ. ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ."

ಧಾರವಾಡದ ಚೇತನಾ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕರ ಕಾರ್ಯತಂಡಗಳ ಸಂಯೋಜಕಿ. ಬೇರೆ ಬೇರೆ ವಿಷಯದವರನ್ನು ಒಂದೆಡೆ ಕೂರಿಸಿ ಮಾತಾಡಿಸುವುದು ಅವರ ಕೆಲಸ. ಪ್ರಬಂಧಗಳಲ್ಲಿ ಅವರ ಹೆಸರಿರುವುದಿಲ್ಲ. ಕೊಠಡಿಯ ಬೀಗ ತೆರೆಯದಿದ್ದರೆ ಫೋನು ಮಾತ್ರ ಅವರಿಗೇ.

ಈ ತಂಡದ ವಿಷಯ ಕೈನಡುಕ. ಪ್ರಯೋಗಕ್ಕೆ ಒಪ್ಪಿ ಬಂದವರು ಹಾಫ್‌ಮನ್ ಎಸ್ಟೇಟ್ಸ್ ಊರಿನ ಅಂಬುಜಾ ಆಂಟಿ. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲವಲ್ಲ. ತಮಗಾಗಿ ಎಲ್ಲರೂ ಕಾಯುತ್ತಾರೆಂದು ಅವರು ಹಬ್ಬದೂಟಗಳನ್ನೇ ಬಿಟ್ಟಿದ್ದರು. ನಡುಕ ತಡೆಯುವ ಚಮಚ ಕೊಟ್ಟರೆ, "ಸಾರನ್ನ ಚಮಚದಲ್ಲಾ? ಹೋಗಮ್ಮ" ಎಂದರು. "ಯುಗಾದಿಗೆ ನಿಮ್ಮ ಕೈಲೇ ಉಣ್ಣಂಗ ಮಾಡ್ತೀವ್ರಿ" ಎಂದು ಚೇತನಾ ಮಾತು ಕೊಟ್ಟುಬಿಟ್ಟರು.

ನರವೈದ್ಯೆ ಸುಹಾಸಿನಿ, ವಿಕ್ಸಮ್ ಊರಿನ ಎಂಜಿನಿಯರ್ ಪಂಚಾಕ್ಷರಿ ಸೇರಿ ಮಣಿಕಟ್ಟಿಗೆ ಕಟ್ಟುವ, ನಡುಕ ತಗ್ಗಿಸುವ ಪಟ್ಟಿಯೊಂದನ್ನು ಮಾಡಿದರು. ಆದರೂ ತುತ್ತು ಬಾಯಿಯ ಹತ್ತಿರ ಬಂದು ಸೆರಗಿಗೆ ಚೆಲ್ಲುತ್ತಿತ್ತು. ಇಬ್ಬರೂ ಸಭೆಗೆ ಬಂದು, ತಂತಮ್ಮ ಸ್ಲೈಡ್ ತೋರಿಸಿ, ಕಾರು ಹತ್ತಿಬಿಡುತ್ತಿದ್ದರು. ಬೇಸತ್ತ ಚೇತನಾ ಸಭೆಗೇ ಪಂಕ್ತಿಯ ನೇಮ ತಂದರು: ಎಲೆ ಹಾಕಿ ಬಡಿಸುವುದು, ಕೊನೆಯವರಿಗೆ ವಿಷಯ ಅರ್ಥವಾಗುವವರೆಗೆ ಯಾರೂ ಏಳಕೂಡದು.

ಅಂಥದೊಂದು ಊಟದ ನಡುವೆ ಪಂಚಾಕ್ಷರಿ ಅಂದರು: "ಟೇಬಲ್ ಮ್ಯಾಲೆ ಕೈ ಇಟ್ಟಾಗ ಎಷ್ಟು ನಡಗತೈತಿ, ಅದಕ್ಕ ಪಟ್ಟಿ ಸೆಟ್ ಮಾಡೀನ್ರಿ."

ಸುಹಾಸಿನಿ ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು. "ಅಯ್ಯೋ, ಕೈ ಬಾಯಿ ಹತ್ರ ಬಂದಾಗಲೇ ಆಂಟಿಗೆ ಜಾಸ್ತಿ ಆಗೋದು!"

"ಮೊದಲ ಹೇಳಬಾರದೇನ್ರಿ, ಡಾಕ್ಟರೇ?"

"ನೀವೆಲ್ಲಿ ಕೇಳಿದ್ರಿ?"

ಚೇತನಾ ಇಬ್ಬರ ಎಲೆಗೂ ಸಾರು ಹಾಕಿದರು. "ಜಗಳಾ ಆಡ್ರಿ. ಏಳಬ್ಯಾಡ್ರಿ, ಅಷ್ಟ."

ಈಗ ಯುಗಾದಿಯ ಮಧ್ಯಾಹ್ನ. ತಿದ್ದಿದ ಪಟ್ಟಿ ಕಟ್ಟಿಕೊಂಡ ಅಂಬುಜಾ ಆಂಟಿ ಸಾರನ್ನ ಕಲೆಸುತ್ತಾರೆ. ಎಲ್ಲರ ಕಣ್ಣೂ ಅವರ ಕೈಯ ಮೇಲೆ. "ನನ್ನನ್ನೇ ನೋಡ್ತಾ ಕೂತ್ರೆ ನಿಮ್ಮ ಅನ್ನ ಆರೋಗತ್ತೆ," ಎಂದು ಗದರುತ್ತಲೇ ತುತ್ತು ಎತ್ತುತ್ತಾರೆ. ಬಾಯಿಯ ಹತ್ತಿರ ಕೈ ಒಮ್ಮೆ ಅಲುಗಿ ನಿಲ್ಲುತ್ತದೆ. ತುತ್ತು ಒಳಗೆ ಹೋಗುತ್ತದೆ. ಪಂಚಾಕ್ಷರಿ ಮುಖ ತಗ್ಗಿಸಿ ಹಪ್ಪಳ ಮುರಿಯುತ್ತಾರೆ.

ಪ್ರಬಂಧದಲ್ಲಿ ನಿಮ್ಮ ಹೆಸರು ಬೇಡವೇ ಎಂದು ಚೇತನಾರನ್ನು ಕೇಳುತ್ತೇನೆ. "ಪಟ್ಟಿ ಮಾಡಿದವರು ಅವರು. ನಾ ಅವರನ್ನ ಏಳಾಕ ಬಿಡಲಿಲ್ಲ," ಎಂದು ಪಾಯಸದ ಪಾತ್ರೆ ಎತ್ತಿಕೊಳ್ಳುತ್ತಾರೆ.

ಉಳಿದವರ ಕೈ ಒಣಗಿ ಬಹಳ ಹೊತ್ತಾಗಿದೆ. ಯಾರೂ ಎದ್ದಿಲ್ಲ. ಅಂಬುಜಾ ಆಂಟಿ ಮೊಸರನ್ನ ಮುಗಿಸಿ, ಸೆರಗೊಮ್ಮೆ ನೋಡಿಕೊಂಡು, ಎಲೆ ಮಡಿಸುತ್ತಾರೆ.

ಆಗ ಎಲ್ಲರೂ ಏಳುತ್ತಾರೆ.