ಇಸ್ತ್ರಿಯಮ್ಮನ ಸಾಕ್ಷಿ

ನನ್ನ ದೊಡ್ಡಮ್ಮನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಇಸ್ತ್ರಿಯಮ್ಮ. ಹಿಂಬದಿಯ ಬಟ್ಟೆ ಕೋಣೆಯಲ್ಲಿ, ಹಬೆಯ ನಡುವೆ ನಿಂತು, ಹಾಸಿಗೆ ಬಟ್ಟೆಗಳನ್ನೂ ಡಾಕ್ಟರುಗಳ ಕೋಟುಗಳನ್ನೂ ಇಸ್ತ್ರಿ ಮಾಡುವುದು ಅವಳ ಕೆಲಸ. ಕೋಪ ಮೂಗಿನ ತುದಿಯಲ್ಲೇ. ಜೇಬಿನಲ್ಲಿ ಪೆನ್ನು ಮರೆತು ಕೋಟು ಕಳಿಸಿದರೆ, ದೊಡ್ಡ ಡಾಕ್ಟರನ್ನೂ ಬಾಗಿಲಲ್ಲೇ ನಿಲ್ಲಿಸಿ ಚಳಿ ಬಿಡಿಸುತ್ತಿದ್ದಳು.

ನನ್ನನ್ನು ಹೆತ್ತ ಕೆಲವೇ ದಿನಕ್ಕೆ ಅಮ್ಮ ತೀರಿಕೊಂಡಳು. ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ನಮ್ಮ ಕಡೆ ತಲೆ ಹಾಕಲಿಲ್ಲ. ದೊಡ್ಡಮ್ಮ ಆಗ ನರ್ಸ್ ತರಬೇತಿಗೆ ಹೊರಟು ನಿಂತಿದ್ದಳು. ಕಟ್ಟಿದ ಪೆಟ್ಟಿಗೆ ಬಿಚ್ಚಿ, ಅದರಲ್ಲಿದ್ದ ಹೊಸ ಹೊದಿಕೆಯನ್ನು ಕತ್ತರಿಸಿ ನನ್ನನ್ನು ಸುತ್ತಿದಳಂತೆ. ಮದುವೆಯ ಮಾತೂ ಅಲ್ಲಿಗೇ ನಿಂತಿತು.

ಈ ಕಥೆ ನಮ್ಮ ಚರ್ಚಿನವರಿಗೆಲ್ಲ ಬಾಯಿಪಾಠ. ಕೆಟ್ಟವರಲ್ಲ ಪಾಪ, ನಾಲಿಗೆ ಮಾತ್ರ ಸ್ವಲ್ಪ ಉದ್ದ. ನನ್ನ ಕೆನ್ನೆ ಸವರಿ, ದೇವರು ನಿನ್ನ ದೊಡ್ಡಮ್ಮನಿಗೆ ಕೊಟ್ಟ ಶಿಲುಬೆ ನೀನು ಎನ್ನುತ್ತಿದ್ದರು. ಹೊಗಳುತ್ತಿದ್ದುದು ಅವಳನ್ನು, ಚುಚ್ಚುತ್ತಿದ್ದುದು ನನಗೆ. ಹೊರೆ ಇನ್ನಷ್ಟು ಭಾರವಾಗದಿರಲಿ ಎಂದು ಜ್ವರ ಬಂದರೂ ಹೇಳದೆ ಮಲಗುತ್ತಿದ್ದೆ. ನಾನು ನಿಜಕ್ಕೂ ನಿನಗೆ ಹೊರೆಯೇ ಎಂದು ಕೇಳುವ ಧೈರ್ಯ, ಟೀಚರ್ ಕೆಲಸ ಹಿಡಿದ ಮೇಲೂ ಬರಲಿಲ್ಲ.

ಅವಳು ನಿವೃತ್ತಳಾದ ವಾರ ಪಾಸ್ಟರ್ ಮನೆಗೆ ಬಂದು, ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳಬೇಕು, ದೇವರು ನಿಮ್ಮ ಬದುಕಿನಲ್ಲಿ ಏನು ಮಾಡಿದನೆಂದು ನಾಲ್ಕು ಮಾತು ಸಾಕು ಎಂದರು. ನಮ್ಮಲ್ಲಿ ಸಾಕ್ಷಿ ಹೇಳಿದವರೆಲ್ಲ ಕುಡಿತ ಬಿಟ್ಟವರು, ಇಲ್ಲವೇ ಸಾವಿನ ಬಾಯಿಂದ ಎದ್ದು ಬಂದವರು.

"ನಾನು ಕುಡಿದವಳಲ್ಲ, ಕದ್ದವಳಲ್ಲ. ಸಾಕ್ಷಿ ಹೇಳ್ಬೇಕಂದ್ರೆ ಮೊದ್ಲು ಒಂದಿಷ್ಟು ಪಾಪ ಮಾಡ್ಕೊಂಡು ಬರ್ಬೇಕಾಗುತ್ತೆ, ಪಾಸ್ಟರೇ," ಎಂದಳು ದೊಡ್ಡಮ್ಮ.

ಪಾಸ್ಟರ್ ನಕ್ಕರು, ಪಟ್ಟು ಬಿಡಲಿಲ್ಲ. ವಾರವಿಡೀ ಅವಳು ಇಸ್ತ್ರಿ ಮಾಡಿದ್ದನ್ನೇ ಮತ್ತೆ ಇಸ್ತ್ರಿ ಮಾಡುತ್ತ ಗೊಣಗಿದಳು. ಏನು ಹೇಳುತ್ತೀ ಎಂದು ನಾನು ಕೇಳಲಿಲ್ಲ. ಅವಳ ಬದುಕಿನ ಕಥೆಯೆಂದರೆ ನಾನೇ ತಾನೆ?

ಭಾನುವಾರ ಸಭೆಯ ಮುಂದೆ ನಿಂತವಳು ನೇರವಾಗಿ ಅಲ್ಲಿಗೇ ಬಂದಳು.

"ನೀವೆಲ್ಲ ಇವಳನ್ನ ನನ್ನ ಶಿಲುಬೆ ಅಂತೀರ. ಸುಳ್ಳು ಯಾಕೆ ಹೇಳ್ಲಿ, ನಾನು ಇಷ್ಟಪಟ್ಟು ಹೊತ್ತವಳಲ್ಲ. ಇವಳು ರಾತ್ರಿಯೆಲ್ಲ ಅಳ್ತಿದ್ರೆ ನಾನು ದೇವರ ಜೊತೆ ಜಗಳ ಆಡ್ತಿದ್ದೆ."

ಎದ್ದು ಹೋಗೋಣವೆಂದರೆ ಬೆಂಚಿನ ನಡುವೆ ಸಿಕ್ಕಿಕೊಂಡಿದ್ದೆ.

ಆಮೇಲೆ ಅವಳು ಬೈಬಲಿನಲ್ಲಿ ಬರುವ, ಹೊಲದಿಂದ ಮನೆಗೆ ಹೊರಟಿದ್ದ ಒಬ್ಬ ಮನುಷ್ಯನ ಮಾತೆತ್ತಿದಳು. ತನ್ನ ಪಾಡಿಗೆ ತಾನು ಹೋಗುತ್ತಿದ್ದವನನ್ನು ಸಿಪಾಯಿಗಳು ಹಿಡಿದು, ಯೇಸುಸ್ವಾಮಿಯ ಶಿಲುಬೆಯನ್ನು ಬಲವಂತವಾಗಿ ಹೊರಿಸಿದರು. ಅವನಿಗೂ ಮನೆಯಲ್ಲಿ ನೂರೆಂಟು ಕೆಲಸ ಇದ್ದಿರಬೇಕು, ಬೈದುಕೊಂಡೇ ಹೊತ್ತಿರಬೇಕು ಎಂದಳು.

"ಶಿಷ್ಯರೆಲ್ಲ ಓಡಿಹೋದ್ರು. ಸ್ವಾಮಿಗೆ ಮೈ ತಾಗೋ ಹಾಗೆ ನಡೆದವನು ಇವನು. ನಾನು ಒಳ್ಳೇ ನರ್ಸೇ ಆಗ್ತಿದ್ದೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಸ್ವಾಮಿನ ಇಷ್ಟು ಹತ್ತಿರದಿಂದ ನೋಡ್ತಿರ್ಲಿಲ್ಲ."

ನನ್ನ ಕಡೆ ತಿರುಗಿದಳು.

"ಆ ಮನುಷ್ಯನ ಜೊತೆ ಅವನ ಮಕ್ಕಳ ಹೆಸರನ್ನೂ ಬರೆದಿದಾರೆ. ಇಂಥವರ ಅಪ್ಪ ಅಂತಾನೇ ಅವನ ಗುರುತು. ಇವಳು ಶಿಲುಬೆ ಅಲ್ಲ. ನನ್ನ ಮಗಳು."

ಅಲ್ಲಿಯವರೆಗೆ ಯಾರು ಕೇಳಿದರೂ ಅವಳು ನನ್ನನ್ನು ತಂಗಿಯ ಮಗಳು ಎಂದೇ ಹೇಳುತ್ತಿದ್ದಳು, ಸತ್ತ ತಂಗಿಯ ಪಾಲನ್ನು ಕಿತ್ತುಕೊಂಡ ಹಾಗಾಗಬಾರದೆಂದು. ಬೆಂಚಿನ ಹತ್ತಿರ ಬಂದು, ಅತ್ತಿದ್ದು ಸಾಕು, ಸರಿದು ಕೂತುಕೋ ಎಂದು ಗದರಿದಳು.

"ಜಾಗ ಇದೆ, ಬಾ ಅಮ್ಮ," ಎಂದೆ. ಎಲ್ಲರನ್ನೂ ತಿದ್ದುವವಳು ನನ್ನನ್ನು ತಿದ್ದಲಿಲ್ಲ.