ಜುಲೈಕಾಳ ಕಥೆಯ ಪಾಲು

ಪುಂಜಾಲಕಟ್ಟೆಯಿಂದ ಒಳಗೆ ತಿರುಗುವ ಮಣ್ಣುರಸ್ತೆಯ ಕೊನೆಗೆ ಸಫಿಯಮ್ಮನ ಮನೆ. ಮಧ್ಯಾಹ್ನದ ಊಟ ಮುಗಿದದ್ದೇ ತಡ, ಸುತ್ತಲಿನ ಹೆಂಗಸರು ಮೊರ ಹಿಡಿದುಕೊಂಡು ಆ ಮನೆಯ ಜಗಲಿಗೆ ಬೀಡಿ ಕಟ್ಟಲು ಬಂದು ಕೂರುತ್ತಿದ್ದರು. ಬ್ಯಾರಿಗಳ ಮನೆಯವರು, ತುಳುವರ ಮನೆಯವರು ಎಂಬ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. ತಂಬಾಕಿನ ಧೂಳಿಗಾದರೂ ಆ ಲೆಕ್ಕ ಎಲ್ಲಿತ್ತು? ಎಲ್ಲರ ಎದೆಗೂ ಅದು ಒಂದೇ ರೀತಿ ಇಳಿಯುತ್ತಿತ್ತು.

ಅಷ್ಟೂ ಜನರಲ್ಲಿ ಕೈ ಖಾಲಿ ಬಿಟ್ಟು ಕೂರುವವಳು ಜುಲೈಕಾ ಒಬ್ಬಳೇ. ಅವಳ ಮೊರವೂ ಖಾಲಿ, ಪಕ್ಕದಲ್ಲಿ ಬಿದ್ದಿರುತ್ತಿತ್ತು. ಅವಳ ಕೆಲಸ ಕಥೆ ಹೇಳುವುದು. ಮೊದಮೊದಲು ಅವಳೂ ಕಟ್ಟುತ್ತಾ ಹೇಳುತ್ತಿದ್ದಳು. ಆದರೆ ಕಥೆಯಲ್ಲಿ ಬಿರುಗಾಳಿ ಎದ್ದರೆ ಅವಳ ಕೈಯೂ ಏಳುತ್ತಿತ್ತು, ಸುರುಳಿ ಸಡಿಲವಾಗುತ್ತಿತ್ತು, ಬೀಡಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚಿನಲ್ಲಿ ಅವಳ ಬೀಡಿ ಪಾಸಾಗುತ್ತಿರಲಿಲ್ಲ. ನೋಡಿ ನೋಡಿ ಸಾಕಾದ ನೆರೆಮನೆಯ ನೀಲಾವತಿ ಒಂದು ದಿನ ಹೇಳಿದಳಂತೆ: "ನೀನು ಬಾಯಿ ನಡೆಸು ಮಾರಾಯ್ತಿ, ಕೈ ನಾವು ನಡೆಸ್ತೇವೆ." ಅವತ್ತಿನಿಂದ, ಏಳುವ ಹೊತ್ತಿಗೆ ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಹಿಡಿ ತೆಗೆದು ಜುಲೈಕಾಳ ಮೊರಕ್ಕೆ ಹಾಕುವುದು ರೂಢಿಯಾಯಿತು. ಅದಕ್ಕೆ ಕಥೆಯ ಪಾಲು ಎಂದು ಹೆಸರು. ಹೆಂಗಸರಿಗೆಲ್ಲ ಗೊತ್ತಿದ್ದ ಈ ಸಂಗತಿ ಗಂಡಸರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮನೆಯ ಹೆಂಗಸು ಎಷ್ಟು ಕಟ್ಟಿದಳು ಎಂದು ದಿನಾ ಕೇಳುವವರಿಗೆ ಹೇಗೆ ಕಟ್ಟಿದಳು ಎಂದು ಕೇಳುವ ವ್ಯವಧಾನ ಇರಲಿಲ್ಲ.

ಜುಲೈಕಾ ಓದಿದ್ದು ಏಳನೇ ಕ್ಲಾಸಿನವರೆಗೆ. ಶಾಲೆ ಬಿಡಿಸಿದ ರೀತಿಯನ್ನು ಮಾತ್ರ ಅವಳು ಕೊನೆಯವರೆಗೂ ಮರೆಯಲಿಲ್ಲ. ಶಾಲೆಯ ಬಾವಿಯ ನೀರು ಕೆಟ್ಟಿದೆ, ಮಕ್ಕಳಿಗೆ ಜ್ವರ ಬರುತ್ತದೆ, ಮಳೆ ಬಂದು ನೀರು ತಿಳಿಯಾದ ಮೇಲೆ ಹೋಗುವಿಯಂತೆ ಎಂದು ಬಾಪ ಹೇಳಿದ್ದ. ಮಳೆ ಬಂತು. ಹುಡುಗಿ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಟ್ಟುಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಬಾವಿ ಸರಿಯಾಯಿತಾ ಎಂದು ಕೇಳಿದಳು. ಯಾವ ಬಾವಿ ಎಂದು ಅವರು ತಿರುಗಿ ಕೇಳಿದರು. ಮುಂದೆ ಅವಳಿಗೆ ಮದುವೆಯಾಯಿತು. ಮುಂಬಯಿಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅದಕ್ಕೆಲ್ಲ ಅವಳು ಅತ್ತದ್ದನ್ನು ಕಂಡವರಿಲ್ಲ. ಬಾವಿಯ ಸುದ್ದಿ ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದಳು.

ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಜಗಲಿಯ ಮೇಲೆ ನಡೆಯುತ್ತಿದ್ದದ್ದು ಮಿನ್ನಿ ಎಂಬ ಹುಡುಗಿಯ ಕಥೆ. ನೇತ್ರಾವತಿಯ ಮಡುವಿನ ಅಡಿಯಲ್ಲಿ ಒಂದು ಮಾಯದ ಶಾಲೆ ಉಂಟು. ಅಲ್ಲಿ ಗಾಳಿಯನ್ನು ಗಂಟು ಕಟ್ಟಲು, ಮೀನಿನ ಹತ್ತಿರ ದಾರಿ ಕೇಳಲು ಕಲಿಸುತ್ತಾರೆ. ಮಿನ್ನಿಯನ್ನು ಕರೆತರಲು ಒಂದು ಕೊಕ್ಕರೆ ಬರುತ್ತದೆ. ಮಿನ್ನಿಗೆ ಹೋಗಲು ಮನಸ್ಸಿಲ್ಲ. ಅಕ್ಕಿಯ ಕಣಜದೊಳಗೆ ಅಡಗುತ್ತಾಳೆ, ಹೊಟ್ಟೆನೋವು ಎನ್ನುತ್ತಾಳೆ, ಕೊಕ್ಕರೆಗೆ ತಪ್ಪು ದಾರಿ ತೋರಿಸುತ್ತಾಳೆ. ಆ ಶಾಲೆಗೆ ಸಾವಿರ ಕಂಬಗಳು, ಒಂದರ ಹಾಗೆ ಇನ್ನೊಂದಿಲ್ಲ. ಚಿಕ್ಕವಳಿದ್ದಾಗ ಮೂಡುಬಿದಿರೆಯ ಬಸದಿಯಲ್ಲಿ ಕಂಡ ಕಂಬಗಳನ್ನು ಜುಲೈಕಾ ಹಾಗೆಯೇ ಎತ್ತಿ ತಂದು ನದಿಯ ಅಡಿಗೆ ಇಟ್ಟಿದ್ದಳು.

ಎಲ್ಲರಿಗಿಂತ ಹತ್ತಿರ ಕೂತು ಕೇಳುತ್ತಿದ್ದವಳು ರಾಫಿಯಾ, ಸಫಿಯಮ್ಮನ ಮಗಳು ನುಸ್ರತ್‌ಳ ಮಗಳು. ಏಳನೆಯ ಪಬ್ಲಿಕ್ ಪರೀಕ್ಷೆಯಲ್ಲಿ ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಳು. ಸೌದಿಯ ದಮಾಮ್‌ನಲ್ಲಿದ್ದ ಅಪ್ಪ ಉಮ್ಮರ್ ಒಂದು ಶುಕ್ರವಾರ ಪೇಟೆಯ ಅಂಗಡಿಗೆ ಫೋನ್ ಮಾಡಿ, ಮಗಳು ಮೂಡುಬಿದಿರೆಯಲ್ಲಿ ಓದಲಿ ಎಂದಿದ್ದ. ಅಲ್ಲಿನ ಒಂದು ಶಾಲೆಯಲ್ಲಿ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಮಂಚವೂ ಸಿಕ್ಕಿತು. ಬರುವ ಸೋಮವಾರ ಸೇರದಿದ್ದರೆ ಸೀಟು ಬೇರೆಯವರಿಗೆ. ರಾಫಿಯಾಳಿಗೆ ಮಾತ್ರ ಹೋಗಲು ಇಷ್ಟವಿರಲಿಲ್ಲ. ಗುರುತಿಲ್ಲದವರ ನಡುವೆ ಮಲಗುವುದು ಹೇಗೆ, ತನ್ನ ಬ್ಯಾರಿ ಭಾಷೆ ಕೇಳಿ ಅವರು ನಗುವುದಿಲ್ಲವೇ? ಉಮ್ಮ ನುಸ್ರತ್ ಗದರಿಸಿದಳು, ಅಜ್ಜಿ ಮುದ್ದು ಮಾಡಿದಳು. ಹುಡುಗಿ ಕೊನೆಗೆ ಎಲ್ಲರ ಎದುರಿಗೇ ಒಂದು ಮಾತು ಹೇಳಿಬಿಟ್ಟಳು: "ಮಿನ್ನಿ ಒಳಗೆ ಹೋದ್ರೆ ನಾನೂ ಹೋಗ್ತೇನೆ. ಅವಳು ವಾಪಸ್ ಬಂದ್ರೆ ನನ್ನನ್ನು ಯಾರೂ ಒತ್ತಾಯ ಮಾಡ್ಬಾರ್ದು."

ಹೆಂಗಸರು ನಕ್ಕರು. ಜುಲೈಕಾ ನಗಲಿಲ್ಲ.

ಮಾತು ಇಮ್ತಿಯಾಝ್‌ನ ಕಿವಿಗೆ ಬೀಳಲು ತಡವಾಗಲಿಲ್ಲ. ಇಮ್ತಿಯಾಝ್ ಸಫಿಯಮ್ಮನ ಮಗ, ರಾಫಿಯಾಳ ಸೋದರಮಾವ; ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲಿದ್ದ. ಪುಂಜಾಲಕಟ್ಟೆಯ ಬೀಡಿ ಬ್ರಾಂಚ್ ಅವನದು. ಎಲೆ, ತಂಬಾಕು ತೂಗಿ ಕೊಡುವವನೂ ಅವನೇ, ಕಟ್ಟಿ ತಂದ ಬೀಡಿಯನ್ನು ಬೆರಳಲ್ಲಿ ಒತ್ತಿ ನೋಡಿ ಪಾಸು, ಫೇಲು ಎನ್ನುವವನೂ ಅವನೇ. ವಯಸ್ಸಿಗೆ ಬಂದ ಹುಡುಗಿಯನ್ನು ದೂರದ ಹಾಸ್ಟೆಲಿಗೆ ಕಳಿಸಿದರೆ ನಾಲ್ಕು ಜನ ಏನೆಂದಾರು ಎಂದು ಅವನು ತಾಯಿಯ ಮನೆಗೆ ಬಂದು ತಕರಾರು ಮಾಡುತ್ತಿದ್ದ. ಆ ನಾಲ್ಕು ಜನರನ್ನು ಯಾರೂ ಇವತ್ತಿನವರೆಗೆ ಕಂಡಿಲ್ಲ, ಆದರೆ ಊರಿನ ಎಷ್ಟೋ ಹುಡುಗಿಯರ ಪುಸ್ತಕ ಮುಚ್ಚಿಸಿದವರು ಅವರೇ. ನೀಲಾವತಿಯ ಮನೆಗೂ ಅವರು ಬಂದು ಹೋಗಿದ್ದರು. ಅವಳ ಮಗಳು ನಿಖಿತಾ ಈಗ ಅದೇ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದಳು.

ಗುರುವಾರ ಜುಲೈಕಾ ಬೀಡಿ ಕೊಡಲು ಹೋದಾಗ ಇಮ್ತಿಯಾಝ್ ಅವಳನ್ನು ಕೊನೆಯವರೆಗೆ ನಿಲ್ಲಿಸಿಕೊಂಡ. ಉಳಿದವರೆಲ್ಲ ಹೋದ ಮೇಲೆ ಕೇಳಿದ:

"ನಿನ್ನ ಆ ಮಿನ್ನಿ ಈಗ ಎಲ್ಲಿದ್ದಾಳೆ?"

"ಬಾಗಿಲಿನ ಹತ್ತಿರ."

"ಅವಳನ್ನು ಮನೆಗೆ ಕಳಿಸು."

"ಮಾಯದ ಕಥೆಯೇ ಹರಾಂ ಅಂತ ಮೊನ್ನೆ ನೀನೇ ಹೇಳಿದ್ದಲ್ವಾ ಇಮ್ತಿಯಾಝ್?"

"ಮನೆಗೆ ಬಂದ್ರೆ ಹರಾಂ ಇಲ್ಲ." ಅವನು ಅವಳ ಒಂದು ಬೀಡಿಯನ್ನು ಎತ್ತಿ, ಮೆಲ್ಲಗೆ ಒತ್ತಿ, ವಾಪಸು ಇಟ್ಟ. "ನಿನ್ನ ಬೀಡಿ ಈಚೆಗೆ ಸಡಿಲ ಉಂಟು. ನೋಡಿಕೋ."

ಅದು ಸಡಿಲ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಜುಲೈಕಾ ಲೆಕ್ಕ ಹಾಕಿದಳು. ಬೀಡಿ ಪಾಸಾಗದಿದ್ದರೆ ಅವಳ ಒಲೆ ಉರಿಯುವುದಿಲ್ಲ. ಆಸರೆಗೆ ಗಂಡಸಿಲ್ಲ, ಬೇರೆ ಬ್ರಾಂಚಿಗೆ ಹೋಗೋಣವೆಂದರೆ ಅಲ್ಲಿಯವರು ಇಮ್ತಿಯಾಝ್‌ನನ್ನೇ ಕೇಳುತ್ತಾರೆ.

ಮರುದಿನ ಬೆಳಿಗ್ಗೆ ಸಫಿಯಮ್ಮ ಜುಲೈಕಾಳ ಮನೆಗೆ ಬಂದಳು. ಮಗ ಎಳೆದದ್ದು ಒಂದು ಕಡೆಗಾದರೆ ತಾಯಿ ಎಳೆದದ್ದು ಇನ್ನೊಂದು ಕಡೆಗೆ. ಮಿನ್ನಿಯನ್ನು ಹೇಗಾದರೂ ಮಾಡಿ ಒಳಗೆ ಕಳಿಸು, ಒಳಗೆ ಎಲ್ಲ ಚಂದ ಉಂಟು ಅಂತ ಹೇಳು, ದಿನಾ ತುಪ್ಪದನ್ನ ಕೊಡ್ತಾರೆ ಅಂತ ಹೇಳು, ಮಗು ನಂಬ್ತದೆ ಎಂದಳು. ಆ ಕೊನೆಯ ಮಾತು ಜುಲೈಕಾಳಿಗೆ ಮುಳ್ಳಿನ ಹಾಗೆ ಚುಚ್ಚಿತು. ಹೌದು, ನಂಬುತ್ತದೆ. ಬಾವಿಯನ್ನೂ ಒಬ್ಬಳು ನಂಬಿದ್ದಳು.

ರಾಫಿಯಾ ಓದಬೇಕೆಂದು ಈ ಊರಲ್ಲಿ ಜುಲೈಕಾಳಷ್ಟು ಆಸೆಪಟ್ಟವರು ಇನ್ನೊಬ್ಬರಿಲ್ಲ. ಸುಳ್ಳು ಹೇಳಿ ಓದು ಬಿಡಿಸುವುದು ತಪ್ಪಾದರೆ, ಸುಳ್ಳು ಹೇಳಿ ಓದಿಗೆ ದೂಡುವುದು ಸರಿಯೇ? ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದು ಸಮಾಧಾನ ಮಾಡಿಕೊಳ್ಳುವ ದೊಡ್ಡವರೆಲ್ಲ ಈ ಪ್ರಶ್ನೆಯ ಎದುರು ಒಮ್ಮೆ ಕೂತು ಏಳಬೇಕು. ಜುಲೈಕಾ ಅವತ್ತು ಗಂಜಿಯ ಎದುರು ಕೂತು, ಉಣ್ಣದೆ ಎದ್ದಳು.

ಶುಕ್ರವಾರ ಮಧ್ಯಾಹ್ನ ಜಗಲಿ ತುಂಬಿತು. ನಮಾಜು ಮುಗಿಸಿ ಬಂದ ಇಮ್ತಿಯಾಝ್ ಅಂಗಳದಲ್ಲಿ ಬೈಕಿಗೆ ಒರಗಿ ನಿಂತ. ಅವನು ಹಾಗೆ ನಿಂತು ಕಥೆ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಕತ್ತರಿಗಳ ಸದ್ದೂ ತಗ್ಗಿತು.

ಜುಲೈಕಾ ಶುರು ಮಾಡಿದಳು. ಮಿನ್ನಿ ಕೊಕ್ಕರೆಯ ಬೆನ್ನಿಂದ ಇಳಿದು ಕಂಬಗಳ ನಡುವೆ ನಡೆದಳು. ಎದುರಿಗೆ ಬಾಗಿಲು. ಒಳಗಿನಿಂದ ಒಂದು ದನಿ ಬಂತು: ನಿನ್ನ ನೆರಳನ್ನು ಹೊರಗೆ ಬಿಟ್ಟು ಬಾ.

ರಾಫಿಯಾಳ ಕೈಯಿಂದ ಎಲೆ ಜಾರಿತು. "ವಾಪಸ್ ಬರುವಾಗ ಕೊಡ್ತಾರಾ?"

ಅಂಗಳದಲ್ಲಿ ಇಮ್ತಿಯಾಝ್ ಕೆಮ್ಮಿದ. ಸಫಿಯಮ್ಮ ಮೊರದಿಂದ ಕಣ್ಣೆತ್ತಿದಳು. ಇಬ್ಬರೂ ಕಾಯುತ್ತಿದ್ದರು.

"ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ," ಎಂದಳು ಜುಲೈಕಾ.

"ಎಂಥದು ಮಾರಾಯ್ತಿ, ನಿನ್ನ ಕಥೆ ನಿನಗೇ ಗೊತ್ತಿಲ್ವಾ?" ಎಂದು ನೀಲಾವತಿ ನಗಾಡಲು ನೋಡಿದಳು.

"ಇಲ್ಲ ನೀಲಾವತಿ. ಏಳನೇ ಕ್ಲಾಸಿನ ಆಚೆ ನಾನು ಒಂದು ಬಾಗಿಲನ್ನೂ ದಾಟಿಲ್ಲ. ಒಳಗೆ ಚಂದ ಉಂಟು ಅಂದ್ರೂ ಸುಳ್ಳು, ಕೆಟ್ಟದ್ದು ಉಂಟು ಅಂದ್ರೂ ಸುಳ್ಳು. ನನಗೊಬ್ಬರು ಬಾವಿಯ ಕಥೆ ಹೇಳಿದ್ರು, ಅದು ಸಾಕು." ಅವಳು ರಾಫಿಯಾಳ ಕಡೆ ತಿರುಗಿದಳು. "ಹೋದವರು ಬಂದು ಹೇಳ್ಬೇಕು ಮಗಾ. ಹೇಳಿದ ಮೇಲೆ ನಾನು ಮುಂದುವರಿಸ್ತೇನೆ."

"ಹಾಗಾದ್ರೆ ನಾನು ಹೋಗೂದಿಲ್ಲ," ಎಂದು ರಾಫಿಯಾ ಮೊರ ಸರಿಸಿ ಒಳಗೆ ನಡೆದಳು. ನುಸ್ರತ್ ಹಣೆ ಹಿಡಿದುಕೊಂಡಳು. ಇಮ್ತಿಯಾಝ್ ಬೈಕು ಹತ್ತಿದ. ಗೆದ್ದೂ ಗೆಲ್ಲದವನ ಮುಖ. ಹುಡುಗಿ ಹೋಗುವುದಿಲ್ಲ ಎಂದಿದ್ದಳು, ಆದರೆ ಮನೆಗೆ ಕಳಿಸು ಎಂದ ಮಿನ್ನಿಯನ್ನು ಜುಲೈಕಾ ಕಳಿಸಿರಲಿಲ್ಲ.

ಏಳುವ ಹೊತ್ತಿಗೆ ಪಾಲು ಹಾಕಲು ಕೆಲವರು ಹಿಂದೆಮುಂದೆ ನೋಡಿದರು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಸಫಿಯಮ್ಮನಿಗೆ. ಆದರೂ ಮೊದಲು ಹಾಕಿದವಳು ಅವಳೇ, ಎರಡು ಹಿಡಿ. ಕಥೆ ನಿಂತರೂ ಪಾಲು ಪಾಲೇ ಎಂದು ಗೊಣಗಿಕೊಂಡು ಒಳಗೆ ಹೋದಳು.

ಶನಿವಾರ ಬ್ರಾಂಚಿನಲ್ಲಿ ಸಾಲು. ಅಜ್ಜಿಯ ಬುಟ್ಟಿ ಹೊತ್ತುಕೊಂಡು ರಾಫಿಯಾ ಬಂದಿದ್ದಳು. ಜುಲೈಕಾಳ ಸರದಿ ಬಂದಾಗ ಇಮ್ತಿಯಾಝ್ ಕಟ್ಟುಗಳ ನೂಲು ಹರಿದು ಬೀಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದ. ಒಂದನ್ನು ಒತ್ತಿ ಮುರಿದ. ಇನ್ನೊಂದನ್ನು ಮುರಿದ. ಆಮೇಲೆ ಹಿಡಿಹಿಡಿಯಾಗಿ ಹಿಚುಕಿ ನೆಲಕ್ಕೆ ಹಾಕತೊಡಗಿದ. ತಂಬಾಕಿನ ಘಾಟಿಗೆ ಸಾಲಿನಲ್ಲಿದ್ದವರು ಕೆಮ್ಮಿದರು.

"ಎಲ್ಲ ಸಡಿಲ. ಬೀಡಿ ಕಟ್ಟಲಿಕ್ಕೆ ಬರೂದಿಲ್ಲ, ಕಥೆ ಕಟ್ಟಲಿಕ್ಕೆ ಮಾತ್ರ ಬರ್ತದೆ. ಸೋಮವಾರದಿಂದ ನಿನಗೆ ಎಲೆ ಇಲ್ಲ."

ಅದು ಯಾರ ಬೀಡಿ ಎಂದು ಹೇಳಿದರೆ ಜಗಲಿಯ ರೂಢಿಯೇ ಬಯಲಾಗುತ್ತಿತ್ತು, ಎಲ್ಲರಿಗೂ ಕಂಟಕ. ಜುಲೈಕಾ ನೆಲ ನೋಡುತ್ತಾ ನಿಂತಳು.

ಸಫಿಯಮ್ಮ ಸಾಲು ಬಿಟ್ಟು ಮುಂದೆ ಬಂದಳು. ಕಷ್ಟಪಟ್ಟು ಬಗ್ಗಿ, ನೆಲದಿಂದ ಒಂದು ಮುರಿದ ಬೀಡಿ ಎತ್ತಿ ಮಗನ ಮೂಗಿನ ಹತ್ತಿರ ಹಿಡಿದಳು. ಅದರ ತಲೆಯ ಮಡಿಕೆಯಲ್ಲಿ ಉಗುರಿನ ಗುರುತಿತ್ತು. ಹಾಗೆ ಉಗುರಿಟ್ಟು ಮಡಚುವವಳು ಊರಿಗೆ ಒಬ್ಬಳೇ.

"ಇದು ನನ್ನದು ಇಮ್ತಿಯಾಝ್. ನೀನು ಹುಟ್ಟುವ ಮೊದಲಿನಿಂದ ಕಟ್ತೇನೆ. ನನ್ನ ಒಂದು ಬೀಡಿ ಇವತ್ತಿನವರೆಗೆ ವಾಪಸ್ ಬರ್ಲಿಲ್ಲ."

ಇಮ್ತಿಯಾಝ್‌ನ ಕೈಯಲ್ಲಿದ್ದ ಹಿಡಿ ಕೈಯಲ್ಲೇ ಉಳಿಯಿತು. ನೀಲಾವತಿ ಹಿಂದಿನಿಂದಲೇ, ಅವನ ಎಡಗೈಯಲ್ಲಿರುವುದು ತನ್ನದು, ಸ್ವಲ್ಪ ನೋಡಿಕೊಂಡು ಮುರಿಯಬೇಕು ಎಂದಳು. ಒಬ್ಬೊಬ್ಬರಾಗಿ ಉಳಿದವರೂ ಬಾಯಿ ಬಿಟ್ಟರು. ಜುಲೈಕಾಳ ಹೆಸರಲ್ಲಿ ಅವನು ಮುರಿದದ್ದು ಇಡೀ ಜಗಲಿಯ ಕೈಕೆಲಸವನ್ನು. ಅದನ್ನೆಲ್ಲ ಸಡಿಲ ಎಂದರೆ ಅವನ ಬ್ರಾಂಚೇ ಸಡಿಲ.

ಮುಖ ಕೆಂಪಾಗಿ, ತಪ್ಪಿಸಿಕೊಳ್ಳಲು ದಾರಿ ಕಾಣದೆ ಅವನು ತಾಯಿಯ ಮೇಲೆ ಹರಿಹಾಯ್ದ: "ನಿಮಗೆಲ್ಲ ಕಥೆ. ಕಂಪೆನಿಯವರು ಕಟ್ಟುವ ಕೈ ಕಮ್ಮಿ ಆಗ್ತಾ ಉಂಟು ಅಂತ ದಿನಾ ಬೈಯುವುದು ನನಗೆ. ಈ ಹುಡುಗಿಯ ಬೆರಳು ನೋಡಿದ್ದೀರಾ? ಇಬ್ಬರ ಕೆಲಸ ಒಬ್ಬಳೇ ಮಾಡ್ತಾಳೆ. ಇವಳನ್ನು ಕಳಿಸಿದ್ರೆ ನಾಳೆ ಎಲ್ಲರೂ ಕಳಿಸ್ತಾರೆ, ಮತ್ತೆ ಬೀಡಿ ಕಟ್ಟುವವರು ಯಾರು?"

ಆ ನಾಲ್ಕು ಜನ ಯಾರೆಂದು ಅವತ್ತು ಬ್ರಾಂಚಿನಲ್ಲಿದ್ದವರಿಗೆಲ್ಲ ಗೊತ್ತಾಯಿತು. ರಾಫಿಯಾ ತನ್ನ ಬೆರಳುಗಳನ್ನು ನೋಡಿಕೊಂಡಳು. ತಂಬಾಕಿಗೆ ತುದಿ ಕಪ್ಪಾಗಿತ್ತು. ಬುಟ್ಟಿಯನ್ನು ಅಜ್ಜಿಯ ಕಾಲ ಬಳಿ ಇಳಿಸಿ, ನೆಲದ ಮೇಲೆ ಮುರಿಯದೆ ಉಳಿದಿದ್ದ ಬೀಡಿಗಳನ್ನು ಆಯ್ದು ಜುಲೈಕಾಳ ಚೀಲಕ್ಕೆ ಹಾಕಿದಳು.

ಸೋಮವಾರ ಬೆಳಿಗ್ಗೆ ಉಮ್ಮ ಎಬ್ಬಿಸುವ ಮೊದಲೇ ಅವಳು ತಲೆ ಬಾಚಿ ಕೂತಿದ್ದಳು. ಮೂಡುಬಿದಿರೆಯ ಬಸ್ಸು ಹತ್ತುವಾಗ ಅತ್ತಳು. ಅಳಬೇಡ ಎಂದು ಜುಲೈಕಾ ಹೇಳಲಿಲ್ಲ.

ಜುಲೈಕಾಳಿಗೆ ಎಲೆ ಸಿಕ್ಕಿತು. ಜಗಲಿಯಲ್ಲಿ ಇನ್ನು ಕಥೆ ಕೂಡದು ಎಂದು ಇಮ್ತಿಯಾಝ್ ಒಮ್ಮೆ ಹೇಳಿ ನೋಡಿದ. ಜಗಲಿ ನನ್ನದು, ನಿನ್ನ ಮನೆ ನಿನ್ನ ಹೆಂಡತಿಯದು, ಅಲ್ಲಿ ಹೋಗಿ ಹೇಳು ಎಂದಳು ಸಫಿಯಮ್ಮ. ಆದರೆ ಕಥೆ ಇರಲಿಲ್ಲ. ಮಿನ್ನಿ ಆ ಮಳೆಗಾಲವಿಡೀ ಬಾಗಿಲಲ್ಲೇ ನಿಂತಿದ್ದಳು. ಬೇರೆ ಕಥೆ ಹೇಳು ಎಂದರೂ ಜುಲೈಕಾ ಒಪ್ಪಲಿಲ್ಲ. ತನ್ನ ಮೊರವನ್ನು ತಾನೇ ಎತ್ತಿಕೊಂಡು ಕಟ್ಟಿದಳು, ಕೆಟ್ಟದಾಗಿ. ರಾಫಿಯಾ ಅಲ್ಲಿ ಹೇಗಿದ್ದಾಳೋ ಎಂಬ ಭಯ ಅವಳನ್ನು ಬಿಡುತ್ತಿರಲಿಲ್ಲ. ಸುಳ್ಳು ಹೇಳದವರಿಗೂ ನಿದ್ದೆ ಬರುತ್ತದೆ ಎಂದೇನಿಲ್ಲ.

ಚೌತಿಯ ರಜೆಗೆ ರಾಫಿಯಾ ಬಂದಳು. ಸ್ವಲ್ಪ ಸೊರಗಿದ್ದಳು. ಜಗಲಿ ತುಂಬಿತು.

"ಅಲ್ಲೇ ನಿಲ್ಲು ಮಾರಾಯ್ತಿ, ನೆರಳು ಉಂಟಾ ನೋಡುವ," ಎಂದು ನೀಲಾವತಿ ಅವಳನ್ನು ಅಂಗಳದ ಬಿಸಿಲಲ್ಲೇ ತಡೆದಳು. ನೆರಳು ಇತ್ತು. ಹುಡುಗಿ ನಗುತ್ತಾ ಬಂದು ಜುಲೈಕಾಳ ಎದುರು ಕೂತಳು. ಅವಳ ಬೆರಳ ತುದಿ ಬೆಳ್ಳಗಾಗಿತ್ತು.

ಜುಲೈಕಾ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. "ಹೇಳು. ಬಾಗಿಲು ದಾಟಿದ ಕೂಡಲೇ ಎಂತ ಉಂಟು?"

"ಚಪ್ಪಲಿ ಇಡುವ ಜಾಗ," ಎಂದಳು ರಾಫಿಯಾ. "ನನ್ನದು ಒಮ್ಮೆ ಕಳವಾಯ್ತು."

"ಮತ್ತೆ?"

"ಅನ್ನದಲ್ಲಿ ಕಲ್ಲು. ಮೊದಲು ನನ್ನ ಮಾತಿಗೆ ನಗ್ತಿದ್ರು. ಗದಗದ ಹುಡುಗಿ ಒಬ್ಬಳಿದ್ದಾಳೆ, ಅವಳ ಮಾತಿಗೂ ನಗ್ತಾರೆ, ನಾವಿಬ್ಬರೂ ಒಟ್ಟಿಗೆ ಕೂರುವುದು." ಅವಳು ಸ್ವಲ್ಪ ಯೋಚಿಸಿದಳು. "ಲ್ಯಾಬಿನಲ್ಲಿ ಒಂದು ಗ್ಲಾಸಿನ ನೀರಿಗೆ ಇನ್ನೊಂದು ನೀರು ಹಾಕಿದ್ರೆ ಗುಲಾಬಿ ಬಣ್ಣ ಬರ್ತದೆ ಜುಲೈಕಕ್ಕ. ಎರಡೂ ಬರೀ ನೀರಿನ ಹಾಗೇ ಇರುವುದು. ಯಾಕೆ ಅಂತ ಮುಂದಿನ ತಿಂಗಳು ಹೇಳ್ತಾರಂತೆ."

ಆ ತಿಂಗಳಿಗೆ ನೀನು ಅಲ್ಲಿರುತ್ತೀಯಾ ಎಂದು ಸಫಿಯಮ್ಮ ಕೇಳಿದಳು. ಇಲ್ಲದಿದ್ದರೆ ಯಾಕೆ ಅಂತ ಗೊತ್ತಾಗುವುದು ಹೇಗೆ ಎಂದು ಹುಡುಗಿ ತಿರುಗಿ ಕೇಳಿದಳು.

ಜುಲೈಕಾ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅರೆ ಕಟ್ಟಿದ್ದ ಸಡಿಲ ಬೀಡಿಯೊಂದು ಅದರಲ್ಲಿ ಉರುಳಿತು. ನೀಲಾವತಿ ಅದನ್ನು ಎತ್ತಿ, ಬಿಚ್ಚಿ, ಮತ್ತೆ ಬಿಗಿಯಾಗಿ ಸುತ್ತತೊಡಗಿದಳು.

"ಮಿನ್ನಿ ಬಾಗಿಲು ದಾಟಿದಳು," ಎಂದಳು ಜುಲೈಕಾ. "ದಾಟಿದ ಕೂಡಲೇ ಅವಳ ಚಪ್ಪಲಿ ಕಳವಾಯ್ತು."